ದಾವೀದನ ಅಂಗಿ

“ಏನಪ್ಪಾ ಫೆರೆಟಿ, ನಾನು ಆರಿಸಿದ್ದು ದಾವೀದನ್ನ. ನೀನು ಸಾಕಿ ತಂದಿರೋದು ಗೊಲ್ಯಾತನ್ನ,” ಅಂದರು ಪಾದ್ರಿಯ ಹೆಂಡತಿ ಸೂಲಿಯಾ.

ಚಾಪೆಯ ಮೇಲೆ ಕೂತಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಡುವೆ ನಿಂತಿದ್ದವನು ಫೆರೆಟಿಯ ಮಗ, ಏಳು ವರ್ಷದ ಮಲಾಕಿ. ಹೋದ ತಿಂಗಳಷ್ಟೇ ಅಳತೆ ಕೊಟ್ಟು ಹೊಲಿಸಿದ ಬಿಳಿ ಅಂಗಿಯ ಗುಂಡಿ ಆಗತಾನೇ ಹಾರಿ ಗಾಯನದವರ ಕಾಲಡಿ ಸೇರಿತ್ತು. ಮಕ್ಕಳ ಬಿಳಿ ಭಾನುವಾರ ಹತ್ತಿರ ಬಂದಿತ್ತು. ಅವತ್ತೊಂದು ದಿನ ಸಮೋವಾ ದ್ವೀಪದಲ್ಲಿ ದೊಡ್ಡವರು ಹಿಂದೆ ಕೂರಬೇಕು, ಮಕ್ಕಳು ಮುಂದೆ ನಿಂತು ನಾಟಕ ಆಡಬೇಕು. ದಿನಾ ಸಂಜೆ ಅಭ್ಯಾಸ ನಡೆಯುತ್ತಿದ್ದದ್ದು, ದೈತ್ಯ ಗೊಲ್ಯಾತನನ್ನು ಕವಣೆಕಲ್ಲಿನಿಂದ ಬೀಳಿಸಿದ ಪುಟ್ಟ ದಾವೀದನ ಕಥೆಗೆ.

ಫೆರೆಟಿ ಶಾಲೆಯನ್ನು ಅರ್ಧಕ್ಕೇ ಬಿಟ್ಟು ಬಸ್ಸು ಓಡಿಸುವವನು. ಮೂಗಿನ ತುದಿಯಲ್ಲೇ ಕೋಪ. ಉತ್ತರ ಬಾಕಿ ಇಟ್ಟುಕೊಳ್ಳುವ ಗಿರಾಕಿಯೇ ಅಲ್ಲ.

“ಪಾದ್ರಿಯಮ್ಮನೋರೇ, ಗೊಲ್ಯಾತ ಬಿದ್ದಾಗ ಅವನ ಕೆಳಗೆ ಸಿಕ್ಕವರು ಯಾರು ಅಂತ ಬೈಬಲ್ಲಲ್ಲಿ ಬರ್ದಿಲ್ಲ. ನೀವು ಸ್ವಲ್ಪ ದೂರ ನಿಂತ್ಕೊಳ್ಳಿ.”

ನಗು ಪಕ್ಷ ಬದಲಾಯಿಸಿತು. ಸೂಲಿಯಾ ನಗಲಿಲ್ಲ. “ನಾಲಗೆಗೇನೂ ಕಮ್ಮಿ ಇಲ್ಲ. ಆ ಗುಂಡಿ ಕೂರದಿದ್ರೆ ಪಾತ್ರ, ಕವಣೆ ಎರಡೂ ಮೇಷ್ಟ್ರ ಮಗನಿಗೆ, ತಿಳ್ಕೋ.”

ಮಲಾಕಿ ಕವಣೆಯನ್ನು ಎದೆಗೆ ಅವಚಿಕೊಂಡ. ಮನೆಯ ಹಿಂದಿನ ಒಂದೊಂದು ತೆಂಗಿನಕಾಯಿಯನ್ನೂ ಗೊಲ್ಯಾತನ ತಲೆ ಮಾಡಿಕೊಂಡು ಅವನು ಕಲ್ಲು ಬೀಸಿದ್ದ. ಅಕ್ಕಪಕ್ಕದ ಕೋಳಿಗಳೂ ಆ ಯುದ್ಧದಲ್ಲಿ ಸಾಕಷ್ಟು ನೊಂದಿದ್ದವು.

ಫೆರೆಟಿಯ ಸಿಟ್ಟೆಲ್ಲ ಮಗನ ಊಟದ ತಟ್ಟೆಯ ಮೇಲೆ ತಿರುಗಿತು. ಡಬ್ಬಿ ಮಾಂಸವನ್ನು ಒಯ್ದು ಬಸ್ಸಿನ ಸ್ಪ್ಯಾನರುಗಳ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ. ಬೇಯಿಸಿದ ಕೆಸವಿನ ಗಡ್ಡೆಯನ್ನು ಅರ್ಧಕ್ಕೆ ಕತ್ತರಿಸಿದ. ಬೆಳಗ್ಗೆ ಬಸ್ಸಿನ ಮುಂದೆ ಮಗನನ್ನು ಓಡಿಸಿ, ಹಿಂದಿನಿಂದ ಹಾರ್ನ್ ಹೊಡೆದ.

“ಮಗು ದುಂಡಗಿದ್ರೆ ಮನೆಗೆ ಮರ್ಯಾದೆ ಕಣೋ,” ಎಂದಳು ಅವನ ತಾಯಿ ಪೆನಿನಾ. “ನಿನ್ನ ಥರ ಬಸ್ಸಿನ ಗೇರ್ ಕೋಲಾಗ್ಬೇಕಾ ಅದು?”

“ನೀನು ಸುಮ್ನಿರವ್ವಾ. ಆ ಪೆಟ್ಟಿಗೆ ಬೀಗದ ಕೈ ಹುಡುಕಿದ್ದು ಯಾರು ಅಂತ ನಂಗೊತ್ತು.”

ಇಷ್ಟಾದರೂ ಅಂಗಿಯ ಗುಂಡಿ ಕೂರಲಿಲ್ಲ. ಹುಡುಗ ಮಾತ್ರ ಬಳಲಿದ. ಓಡಿ ಬಂದವನು ಬಸ್ಸಿನ ಸೀಟಿನಲ್ಲೇ ನಿದ್ದೆ ಹೊಡೆದ. ಶಾಲೆಯಲ್ಲಿ ಡೆಸ್ಕಿನ ಮೇಲೆ ಗೊರಕೆ. ಸಂಜೆ ಎದ್ದರೆ ಸಿಹಿ ಬೇಕೆಂದು ರಂಪ. ತಿನ್ನದೆಯೇ ಊದುತ್ತಾನಲ್ಲ, ಇವನೇನು ಗಾಳಿ ಕುಡಿಯುತ್ತಾನೋ? ಫೆರೆಟಿಗೆ ತಲೆ ಕೆಟ್ಟಿತು. ಪತ್ತೆ ಹಚ್ಚಿಯೇ ಬಿಡುತ್ತೇನೆಂದು ಒಂದು ಸಂಜೆ ನಾಟಕದ ಅಭ್ಯಾಸಕ್ಕೆ ತಾನೂ ಹೋಗಿ ಕಂಬಕ್ಕೆ ಒರಗಿ ಕೂತ.

ಸಂಜೆಯ ಪ್ರಾರ್ಥನೆಯ ಶಂಖ ಊದಿ ಎಷ್ಟೋ ಹೊತ್ತಾಗಿತ್ತು. ಪಾದ್ರಿಯಮ್ಮನಿಗೆ ಮಾತ್ರ ಇನ್ನೂ ಒಂದು ಹಾಡು ಸರಿಹೋಗಿರಲಿಲ್ಲ. ಚಿಕ್ಕವರು ಒಬ್ಬೊಬ್ಬರಾಗಿ ಆಕಳಿಸತೊಡಗಿದರು. ಆ ಊರಿನಲ್ಲಿ ತೆರೆದ ಬಾಯಿಗೆ ಒಂದೇ ಅರ್ಥ. ದಾರಿಯಲ್ಲಿ ಸುಮ್ಮನೆ ಹೋಗುವವನನ್ನೂ ಕೂಗಿ ಊಟಕ್ಕೆ ಕೂರಿಸುವ ಜನ, ಎದುರಿಗೇ ಬಾಯಿ ತೆರೆದ ಮಗುವನ್ನು ಬಿಟ್ಟಾರೆಯೇ? ಮಲಾಕಿ ಆಕಳಿಸಿದ, ತೆಂಗಿನ ಹಾಲಿನಲ್ಲಿ ಬೆಂದ ಬನ್ನು ಬಂತು. ಮತ್ತೆ ಆಕಳಿಸಿದ, ಮತ್ತೊಂದು ಬನ್ನು. ಮೇಲೆ ಸಕ್ಕರೆ ಸುರಿದ ಬಿಸಿ ಕೋಕೋ.

“ಪಾಪ, ಹಸಿದಿದೆ ಮಗು,” ಎನ್ನುತ್ತ ಲೋಟ ತುಂಬಿದವರು ಸಾಕ್ಷಾತ್ ಸೂಲಿಯಾ.

ಫೆರೆಟಿಗೆ ಮೈಯೆಲ್ಲ ಉರಿದುಹೋಯಿತು. ಉಬ್ಬಿಸುವವರೂ ಇವರೇ, ಉಬ್ಬಿದ ಎಂದು ನಗುವವರೂ ಇವರೇ. ತಾನೋ, ಮನೆಯಲ್ಲಿ ಅರ್ಧ ಗಡ್ಡೆ ಕಾಯುತ್ತ ಕೂತ ಬೆಪ್ಪ. ಎದ್ದು ಮಗನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ಹಸಿವಾಗಿದೆಯೇನೋ?”

“ಇಲ್ಲಪ್ಪ.”

“ಮತ್ಯಾಕೋ ತಿಂತೀಯ?”

“ತಿಂತಾ ಇದ್ರೆ ನಿದ್ದೆ ಬರಲ್ಲ.” ಹುಡುಗನ ರೆಪ್ಪೆ ಜೋತುಬಿದ್ದಿತ್ತು. “ನಿದ್ದೆ ಮಾಡಿದ್ರೆ ಕವಣೆ ಕಿತ್ಕೊತಾರೆ.”

ಫೆರೆಟಿ ಅವನ ಕೈಯಿಂದ ಬನ್ನು ಬಿಡಿಸಿ ಲೋಟದ ಮೇಲಿಟ್ಟ. ಮಗನನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಭಾರವೇನೋ ಇದ್ದ, ಸುಳ್ಳೇಕೆ. ಬಾಗಿಲು ಸೇರುವಷ್ಟರಲ್ಲಿ ನಿದ್ದೆಹೋಗಿದ್ದ.

“ನೋಡ್ರೇ, ಗೊಲ್ಯಾತ ಬಿದ್ದೇಬಿಟ್ಟ. ಕಲ್ಲೇ ಬೇಕಾಗ್ಲಿಲ್ಲ,” ಎಂದರು ಸೂಲಿಯಾ ಹಿಂದಿನಿಂದ. “ಫೆರೆಟಿ, ಈಗ ಎತ್ಕೊಂಡು ಹೋದ್ಯೋ, ಕವಣೆ ಮೇಷ್ಟ್ರ ಮನೆಗೇ. ಕೇಳಿಸ್ತೇನಯ್ಯಾ?”

ಎಲ್ಲರೂ ಅವನತ್ತ ತಿರುಗಿದರು. ನಗಲು ಹಲವರು ಬಾಯಿ ತೆರೆದೇ ಇಟ್ಟುಕೊಂಡರು. ಉತ್ತರ ಅವನ ನಾಲಗೆಯ ತುದಿಗೆ ಬಂದೂ ಆಗಿತ್ತು: ಕಲ್ಲು ಯಾಕೆ ಬೇಕು, ಬನ್ನಲ್ಲೇ ಹೊಡೆದು ಬೀಳಿಸಿದ್ದೀರಲ್ಲ. ಭಾನುವಾರದವರೆಗೂ ಊರು ನೆನೆದು ನಗುವಂಥ ಮಾತು. ಆದರೆ ಅವನದು ಬಸ್ಸಿನ ಇಂಜಿನ್ನಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು. ಪಿಸುಮಾತು ಅದಕ್ಕೆ ಬಾರದು. ಕತ್ತಿನ ಹತ್ತಿರ ಮಗುವಿನ ಉಸಿರು ಬೆಚ್ಚಗೆ, ಒಂದೇ ಸಮನೆ ಬರುತ್ತಿತ್ತು. ಕವಣೆಯ ಹಗ್ಗ ಅದರ ಮುಷ್ಟಿಗೆ ಇನ್ನೂ ಸುತ್ತಿಕೊಂಡೇ ಇತ್ತು.

ಫೆರೆಟಿ ಮಗುವಿನ ತಲೆಯನ್ನು ಸರಿಯಾಗಿ ಒರಗಿಸಿಕೊಂಡು, ಬಂದ ಮಾತನ್ನು ನುಂಗಿ, ಮೆಟ್ಟಿಲಿಳಿದು ಮನೆಯ ಕಡೆ ನಡೆದ.