ಮಹೆಕ್ ಜೊತೆಗಿನ ಸವಾರಿ

ಸೇಡಂನ ನರ್ಸ್ ಲುಂಬಿನಿಗೆ ಗೇರ್ ಸೈಕಲ್ ಕಲಿಸಿದವಳು ಗೆಳತಿ ಮಹೆಕ್. ಏರು ಬರುವ ಮೊದಲೇ ಗೇರ್ ಇಳಿಸಬೇಕೆಂದು ಹೇಳಿಕೊಟ್ಟವಳೂ ಅವಳೇ. ತಾನು ನಿಕಾಹ್ ಮುಗಿಸಿ ಸೌದಿಗೆ ಹೋಗುವ ಮುಂಚೆ ಇಬ್ಬರೂ ಚಿಂಚೋಳಿ ತನಕ ಸೈಕಲ್ ತುಳಿಯಬೇಕೆಂಬುದು ಮಹೆಕ್‌ಳ ಆಸೆ.

"ಪಂಪು, ಹೆಚ್ಚಿನ ಟ್ಯೂಬು ನೀ ತೊಗೊಂಡು ಬಾ," ಎಂದಿದ್ದಳು. ಸುಮ್ಮನೆ ಭಾರವೆಂದು ಲುಂಬಿನಿ ಮನೆಯಲ್ಲೇ ಬಿಟ್ಟು ಹೊರಟಳು.

ಸುಲೇಪೇಟದ ಹತ್ತಿರ ಗಾಜಿನ ಚೂರು ಮಹೆಕ್‌ಳ ಟ್ಯೂಬನ್ನೇ ಸೀಳಿತು. ಊರಿನ ಅಂಗಡಿಯಲ್ಲಿ ಆ ಅಳತೆಯದು ಸಿಗಲಿಲ್ಲ.

"ತಪ್ಪಾತು, ಮಹೆಕ್."

"ಇರ್ಲಿ ಬಿಡು, ಇನ್ನೊಮ್ಮೆ ಹೋಗೋಣು."

ಟೆಂಪೋದಲ್ಲಿ ಸೈಕಲ್ ಹೇರಿ ಮರಳಿದರು. ನಿಕಾಹ್ ಆಗಿ ಮಹೆಕ್ ಸೌದಿಗೆ ಹೋದಳು; ಆ ಇನ್ನೊಮ್ಮೆ ಬರಲೇ ಇಲ್ಲ. ಮರುವರ್ಷ ಲುಂಬಿನಿ ಒಬ್ಬಳೇ ಚಿಂಚೋಳಿ ಮುಟ್ಟಿದಳು. ಫೋಟೋ ತೆಗೆದಳು, ಮಹೆಕ್‌ಳಿಗೆ ಕಳಿಸಲು ಮಾತ್ರ ಮನಸ್ಸಾಗಲಿಲ್ಲ.