ಎದೆಯ ಆರು ತುಂಡು

“ಹಳೇ ಫೋಟೋ ಎಲ್ಲೈತೆವ್ವಾ?” ಎಂದು ಬಾಗಲಕೋಟೆಯ ಡಾಕ್ಟರು ಎರಡನೆಯ ಸಲ ಕೇಳಿದಾಗ ಸಿದ್ದಲಿಂಗವ್ವ ಖಾಲಿ ಚೀಲದಲ್ಲಿ ಸುಮ್ಮನೆ ಕೈಯಾಡಿಸಿದಳು. ಅವರು ಹೊಸ ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಫ್ಯಾನಿನ ಗಾಳಿಗೆ ಗಂಡನ ಎದೆಗೂಡು ಸಣ್ಣಗೆ ಅಲುಗುತ್ತಿತ್ತು. ಅದರ ಬಲಗಡೆ, ಕೆಳಗಿನ ಎರಡು ಪಕ್ಕೆಲುಬುಗಳ ನಡುವೆ, ಜೋಳದ ಕಾಳಿನಷ್ಟು ಒಂದು ಬಿಳಿ ಚುಕ್ಕೆ.

“ಆಪರೇಷನ್‌ಕಿಂತ ಮೊದಲಿನ ಫೋಟೋದಾಗೂ ಇದು ಇತ್ತಂದ್ರ ಚಿಂತಿಲ್ಲ, ಯಾವುದೋ ಹಳೇ ಗಾಯದ ಗುರುತು. ಅದರಾಗ ಇಲ್ಲಾಂದ್ರ ಕರುಳಿನ ಬ್ಯಾನಿ ಪುಪ್ಪಸಕ್ಕ ಏರೇತಿ ಅಂತ ತಿಳಕೋಬೇಕು. ಎರಡೂ ಬಾಜೂಕ ಇಟ್ಟ ನೋಡಬೇಕವ್ವಾ. ಸೋಮವಾರ ತಗೊಂಡ ಬಾ.”

ಸಿದ್ದಲಿಂಗವ್ವ ಹೂಂ ಅಂದಳು. ಆ ಫೋಟೋ ಈಗ ಫೋಟೋ ಆಗಿ ಉಳಿದಿಲ್ಲ ಎಂದು ಹೇಳಲಿಲ್ಲ. ಕೋಣೆಗೆ ಇದ್ದದ್ದು ಒಂದು ಪರದೆ ಮಾತ್ರ. ಅದರಾಚೆ ಬೆಂಚಿನ ಮೇಲೆ ಕೂತಿದ್ದ ಗಂಡ ಅಂದಾನಪ್ಪನಿಗೆ ಎಲ್ಲವೂ ಕೇಳಿಸಿತ್ತು. ಆದರೂ ಆ ಮನುಷ್ಯ ಊರಿಗೆ ಹೊರಟ ಬಸ್ಸು ಹುನಗುಂದ ದಾಟುವ ತನಕ ಮಗ್ಗದ ಮೇಲೆ ಅರ್ಧ ಬಿಟ್ಟು ಬಂದ ಸೀರೆಯ ಮಾತನ್ನೇ ಆಡಿದ.

ತಪ್ಪು ಅವಳದೇ. ಹಿಂದಿನ ತಿಂಗಳು, ಫೆಬ್ರುವರಿಯಲ್ಲಿ, ಇಡೀ ಸೂರ್ಯನನ್ನು ನುಂಗುವ ಗ್ರಹಣ ಬಂದಿತ್ತು. ಇಳಕಲ್ಲಿನ ಅರ್ಧ ಊರು ಬಾಗಿಲು ಜಡಿದುಕೊಂಡು ಒಳಗೆ ಕೂತಿದ್ದರೆ ಅಂದಾನಪ್ಪ, “ಲಿಂಗಾ ಕಟ್ಟಿದವ್ರಿಗೆ ಎಂಥಾ ಸೂತಕ? ಬರ್ರಿ, ನೋಡೂಣು!” ಎಂದು ನೇಕಾರರ ಓಣಿಯನ್ನೆಲ್ಲ ಹೊರಗೆಳೆದ. ಬರಿಗಣ್ಣಿನಲ್ಲಿ ನೋಡಬಾರದು, ಎಕ್ಸರೇ ಫಿಲ್ಮು ಬೇಕು ಎಂದು ಯಾರೋ ಅಂದರು. ಸಿದ್ದಲಿಂಗವ್ವ ಟ್ರಂಕು ತೆಗೆದಳು. ಹೊಟ್ಟೆಯ ಫೋಟೋಗಳನ್ನು ಮುಟ್ಟಲಿಲ್ಲ. ಹೋದವರ್ಷ ಹುಬ್ಬಳ್ಳಿಯಲ್ಲಿ ಕೊಯ್ದದ್ದು ಕರುಳನ್ನು, ಎದೆಯ ಫೋಟೋ ಇನ್ನು ಯಾವ ಕೆಲಸಕ್ಕೆ? ಅದನ್ನೇ ಆರು ತುಂಡು ಮಾಡಿ ಪ್ರಸಾದದ ಹಾಗೆ ಹಂಚಿದಳು. ಹೊಟ್ಟೆಯ ರೋಗ ಹೊಟ್ಟೆಯಲ್ಲೇ ಇರುತ್ತದೆ ಎಂದು ಯಾರು ತಾನೇ ನಂಬುವುದಿಲ್ಲ!

ಮೂರೂವರೆ ದಾಟಿದ ಮೇಲೆ ಬಿಸಿಲು ಬೂದಿಯ ಬಣ್ಣಕ್ಕೆ ತಿರುಗಿತು. ಕೋಳಿಗಳು ಬುಟ್ಟಿ ಹುಡುಕಿಕೊಂಡು ಹೋದವು. ಓಣಿಯ ಜನ ಅಂದಾನಪ್ಪನ ಎದೆಯ ಒಂದೊಂದು ತುಂಡನ್ನು ಕಣ್ಣಿಗೆ ಹಿಡಿದು ಆಕಾಶ ನೋಡುತ್ತ ನಿಂತರು. ಅವನೂ ತನ್ನ ಎದೆಯೊಳಗಿಂದಲೇ ಸೂರ್ಯ ಆರಿಹೋಗುವುದನ್ನು ನೋಡಿದ. ಆಗ ಎಲ್ಲರೂ ನಕ್ಕಿದ್ದರು. ಈಗ ಬಸ್ಸಿನಲ್ಲಿ ಅದನ್ನು ನೆನೆದು ಅವಳು ಹೊಸ ಎಕ್ಸರೇಯ ಲಕೋಟೆಯನ್ನು ಸೆರಗಿನಡಿ ಸರಿಸಿಕೊಂಡಳು.

ಮರುದಿನ ಮಧ್ಯಾಹ್ನ ತುಂಡು ಕೂಡಿಸಲು ಹೊರಟಳು. ಒಂದು ತನ್ನಲ್ಲೇ ಇತ್ತು. ಎರಡು ಎದುರುಸಾಲಿನ ಮನೆಗಳಲ್ಲಿ ಸಿಕ್ಕವು. ಬೇಕಾದದ್ದು ಬಲಗಡೆಯ ಕೆಳಗಿನ ಮೂಲೆ. ಅದು ಅಲ್ಲೆಲ್ಲೂ ಇರಲಿಲ್ಲ.

ನಾಲ್ಕನೆಯದು ಮಾಸುಮಬಿಯ ಪೆಟ್ಟಿಗೆಯ ತಳದಲ್ಲಿ, ಕಂಬಳಿಯ ಕೆಳಗಿತ್ತು. “ತಗೊಂಡ ಹೋಗ್ರಿ ಅಕ್ಕಾ, ಪುಣ್ಯಾ ಬರ್ತೈತಿ. ಅದು ಮನಿಗೆ ಬಂದಾಗಿಂದ ಯಾರೋ ಪೆಟಿಗ್ಯಾಗ ಕೂತು ಕೆಮ್ಮಿದಂಗ ಕೇಳಸ್ತೈತಿ,” ಎಂದಳು.

ಕಲ್ಲು ಪಾಲಿಶ್ ಮಾಡುವ ಅವಳ ಗಂಡ ನಬಿಸಾಬ ಕಟ್ಟೆಯ ಮೇಲಿಂದಲೇ ಗದರಿದ: “ಕೆಮ್ಮಾಂವ ನಾ ಅದೇನಿ! ದಿನಾ ಕಲ್ಲಿನ ಧೂಳಾ ಕುಡ್ಯಾಂವ ನಾ!” ಸಿದ್ದಲಿಂಗವ್ವನಿಗೆ ನಗು ಬರಲಿಲ್ಲ, ಆ ತುಂಡು ಎಡಗಡೆಯದು.

ನೀಲಪ್ಪ ತನ್ನ ತುಂಡನ್ನು ಕಿಟಕಿಯ ಒಡೆದ ಗಾಜಿನ ಜಾಗಕ್ಕೆ ಬಡಿದಿದ್ದ. ಇಳಿಬಿಸಿಲು ಅದರೊಳಗಿಂದ ಬಂದು ಗೋಡೆಯ ಮೇಲೆ ಎರಡು ಪಕ್ಕೆಲುಬುಗಳನ್ನು ಚೆಲ್ಲಿತ್ತು. ಹೊರಗೆ ಬೇವಿನ ಟೊಂಗೆ ಅಲುಗಿದಾಗಲೆಲ್ಲ ಅವು ಮೇಲೆ ಕೆಳಗೆ ಆಡುತ್ತಿದ್ದವು. “ನಮ್ಮವ್ವ ಆ ಗೋಡಿ ಕಡೆ ಮಾರಿ ಮಾಡಿ ಮಲಗಾಕ ಒಲ್ಲೆ ಅಂತಾಳ ವೈನಿ. ಅದು ಉಸರಾಡತೈತಂತ,” ಎನ್ನುತ್ತ ಅವನು ಮೊಳೆ ಕಿತ್ತ. ಬಿಸಿಲು ಒಮ್ಮೆಲೇ ಗೋಡೆಗೆ ಬಡಿಯಿತು. ಅದೂ ಎಡಗಡೆಯ ತುಂಡೇ.

ಬೇಕಾದ ಮೂಲೆ ಸಿಕ್ಕಿದ್ದು ಕೊನೆಯ ಮನೆಯ ಸುಂದರವ್ವನಲ್ಲಿ, ಕ್ಯಾಲೆಂಡರಿನ ಹಿಂದೆ. ಸಿದ್ದಲಿಂಗವ್ವ ಹೊಸ್ತಿಲಲ್ಲೇ ನಿಂತು ಅದನ್ನು ಬಿಸಿಲಿಗೆ ಹಿಡಿದಳು. ನೇಯ್ದ ಪ್ರತಿ ಸೀರೆಯನ್ನೂ ಹೀಗೇ ಬೆಳಕಿಗೆ ಹಿಡಿದು, ಎಲ್ಲೂ ಊನ ಇರದಿರಲಿ ಎಂದು ಬೇಡುತ್ತಿದ್ದವಳು ಇವತ್ತು, ಒಂದು ಊನ ಕೊಡಪ್ಪಾ ಬಸವಣ್ಣ, ಕಾಳಿನಷ್ಟು ಕೊಡು ಎಂದು ಬೇಡಿದಳು. ತಿರುಗಿಸಿ ಹಿಡಿದಳು, ಒರೆಸಿ ಹಿಡಿದಳು. ಎಲುಬುಗಳ ನಡುವೆ ಕಪ್ಪಲ್ಲದೆ ಬೇರೇನೂ ಇರಲಿಲ್ಲ.

“ಸಿಕ್ಕತಲ್ಲವಾ, ಇನ್ಯಾಕ ಅಳತಿ?” ಎಂದಳು ಸುಂದರವ್ವ.

ಮನೆಗೆ ಬಂದು ಆರೂ ತುಂಡುಗಳ ಅಂಚಿಗೆ ಸೂಜಿಯಿಂದ ತೂತು ಮಾಡಿ, ಸೀರೆಯ ಒಡಲಿಗೆ ಸೆರಗು ಕೂಡಿಸುವಂತೆ ನೂಲಿನ ಕೊಂಡಿ ಹಾಕಿ ಹೊಲಿದಳು. ಕಿಟಕಿಯ ಸರಳಿಗೆ ಹೊಸದರ ಪಕ್ಕ ತೂಗುಹಾಕಿದಳು. ಎರಡು ಎದೆಗಳು ಜೋಡಿಯಾಗಿ ಮನೆಯೊಳಗೆ ಇಣುಕುತ್ತಿದ್ದವು.

ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದ ಅಂದಾನಪ್ಪ ಕುಣಿಮಗ್ಗದಿಂದ ತಲೆ ಎತ್ತಲಿಲ್ಲ. “ಐತೇನು ಅದರಾಗ?”

“ಇನ್ನಾ ಸರಿಯಾಗಿ ನೋಡಿಲ್ರಿ,” ಎಂದು ಸುಳ್ಳು ಹೇಳಿ ಒಲೆಯ ಮುಂದೆ ಕೂತಳು. ಹೇಳಲೇಬೇಕು, ಆದರೆ ಉಂಡಾದ ಮೇಲೆ. ಅವನು ಹೊಟ್ಟೆ ತುಂಬ ಒಂದು ಊಟ ಮಾಡಲಿ. ರೊಟ್ಟಿ ಬಡಿಯುತ್ತಿದ್ದಾಗ ಮಗ್ಗದ ಸದ್ದು ನಿಂತಿತು. ನಾಲ್ಕು ರೊಟ್ಟಿ ಆಗುವವರೆಗೂ ನಿಂತೇ ಇತ್ತು, ಆಮೇಲೆ ಮತ್ತೆ ಶುರುವಾಯಿತು.

ಅವನನ್ನು ಊಟಕ್ಕೆ ಕರೆಯಲು ಬಂದವಳು ಕಿಟಕಿಯ ಮುಂದೆ ಕಲ್ಲಾದಳು. ಹಳೆಯ ಎದೆಯಲ್ಲಿ ಚುಕ್ಕೆ ಮೂಡಿತ್ತು! ಅದೇ ಬಲಗಡೆ, ಅದೇ ಎರಡು ಎಲುಬುಗಳ ನಡುವೆ, ಅಷ್ಟೇ ದೊಡ್ಡದು. ಇನ್ನೂ ತಾಸಾಗಿಲ್ಲ, ಬಿಸಿಲಿಗೆ ಹಿಡಿದು ಕಣ್ಣಾರೆ ನೋಡಿದ್ದಳು. ರೋಗ ಹಿಂದಕ್ಕೆ ನಡೆದು ಹೋದವರ್ಷದ ಎದೆಯನ್ನೂ ಹೊಕ್ಕಿತೇ? ಬೆರಳಿನಿಂದ ಚುಕ್ಕೆಯನ್ನು ಮುಟ್ಟಿದಳು. ಅದು ಒರಟಾಗಿತ್ತು, ಯಾರೋ ಉಗುರಿನಿಂದ ಕೆರೆದಷ್ಟು ಒರಟು.

“ನೋಡಿದಿಲ್ಲೋ? ಮೊದಲಿಂದನೂ ಐತಿ ಅದು. ಹಳೇ ಗುರುತು. ಸುಮ್ಮನ ಹೆದರಿ ಸಾಯ್ತಿದ್ದಿ,” ಎಂದು ಅಂದಾನಪ್ಪ ಹಿಂದಿನಿಂದ ನಕ್ಕ. ಅವನ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕಪ್ಪು ಪುಡಿ ಮೆತ್ತಿಕೊಂಡಿತ್ತು.

ಅವಳಿಗೆ ಅವನನ್ನು ಹೊಡೆಯಬೇಕು ಎನ್ನಿಸಿತು, ತಬ್ಬಿಕೊಳ್ಳಬೇಕು ಎನ್ನಿಸಿತು. “ಹೌದ್ರಿ, ಮೊದಲಿಂದನೂ ಐತಿ,” ಎಂದಳು. “ಕೈ ತೊಳಕೋರಿ, ರೊಟ್ಟಿ ಆರತಾವ.”

ಬಚ್ಚಲ ಕಲ್ಲಿನ ಮುಂದೆ ಅವನು ಬಾಗಿ ಕೈ ಒಡ್ಡಿದ. ಅವಳು ಚರಿಗೆಯಿಂದ ನೀರು ಹಾಕಿದಳು. ಉಗುರು ತಿಕ್ಕಿದಂತೆಲ್ಲ ನೀರು ಕಪ್ಪಾಗಿ ಹರಿಯಿತು. ಅದು ತಿಳಿಯಾದ ಮೇಲೂ ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ, ಅವಳು ಹಾಕುವುದನ್ನು ನಿಲ್ಲಿಸಲಿಲ್ಲ.