ಬೋರ್ಡಿಗೆ ಹೇಳಿದ ಪಾಠ

ಕರೆದರೂ ತಿರುಗಿ ನೋಡುವುದಿಲ್ಲವೆಂದು ತರಗತಿಯವರು ಅವಳಿಗೆ ದೊರೆಸಾನಿ ಎಂದು ಹೆಸರಿಟ್ಟಿದ್ದರು. ಚಿಕ್ಕಂದಿನ ಜ್ವರವೊಂದು ಅವಳ ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರೆಬರೆ ತಿಂದುಹಾಕಿದ್ದು ಕಾಲೇಜಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಕಿವುಡಿ ಎನಿಸಿಕೊಳ್ಳುವುದಕ್ಕಿಂತ ಜಂಬಗಾತಿ ಎನಿಸಿಕೊಳ್ಳುವುದೇ ವಾಸಿ ಎಂದು ಅವಳೂ ಸುಮ್ಮನಿದ್ದಳು. ಮೇಷ್ಟರ ತುಟಿ ನೋಡಿಯೇ ಪಾಠ ಹಿಡಿಯುತ್ತಿದ್ದಳು.

ಎರಡನೇ ವರ್ಷ ರಸಾಯನಶಾಸ್ತ್ರಕ್ಕೆ ಹೊಸ ಮೇಡಂ ಬಂದರು. ಅವರದು ಬೋರ್ಡಿಗೇ ಪಾಠ ಹೇಳುವ ಅಭ್ಯಾಸ. ಹುಡುಗರಿಗೆ ಕಾಣುತ್ತಿದ್ದುದು ಬೆನ್ನು ಮಾತ್ರ. ಮೊದಲ ಪರೀಕ್ಷೆಯಲ್ಲೇ ದೊರೆಸಾನಿ ಮುಗ್ಗರಿಸಿದಳು. "ಓದೋಕೇನು ರೋಗ ನಿಂಗೆ?" ಎಂದು ಮೇಡಂ ಗದರಿದಾಗಲೂ ಅವಳು ಕಿವಿಯ ಮಾತೆತ್ತಲಿಲ್ಲ.

ಒಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ, ಅವಳ ಹಿಂದಿನ ಮೇಜಿನವನ ಕೈತಪ್ಪಿ ಈಥರ್ ಸೀಸೆ ಒಡೆಯಿತು. ಸಣ್ಣ ಕಿಡಿ ಸಾಕು, ಕೋಣೆಯೇ ಹೊತ್ತಿಕೊಳ್ಳುತ್ತದೆ.

"ಯಾರೂ ಬೆಂಕಿ ಹಚ್ಬೇಡಿ!" ಮೇಡಂ ಬಾಗಿಲ ಬಳಿಯಿಂದ ಕೂಗಿದರು.

ಎಲ್ಲರ ಕೈ ನಿಂತಿತು, ಒಬ್ಬಳದನ್ನು ಬಿಟ್ಟು. ಗೋಡೆಯ ಫ್ಯಾನಿನ ಮೊರೆತದಲ್ಲಿ ಅವಳಿಗೆ ಯಾವುದೂ ಮುಟ್ಟಿರಲಿಲ್ಲ. ಬರ್ನರಿನ ಮೇಲೆ ಬಗ್ಗಿ ಬೆಂಕಿಕಡ್ಡಿ ತೆಗೆದಳು. ಮೇಡಂ ಎರಡನೇ ಸಲ ಕೂಗಿದರು. ಕಡ್ಡಿ ಪೊಟ್ಟಣಕ್ಕೆ ತಾಗಿತು. ಮೇಡಂ ಓಡಿಬಂದು ಅವಳ ಕೈಗೆ ಬಲವಾಗಿ ಹೊಡೆದರು. ಕಡ್ಡಿಗಳು ನೆಲದ ತುಂಬ ಚೆಲ್ಲಾಡಿದವು.

"ಅಷ್ಟು ಕಿರುಚ್ತಿದೀನಿ, ಕಿವಿ ಕೇಳ್ಸಲ್ವಾ?"

ಈ ಸಲ ಆ ತುಟಿಗಳು ಕಣ್ಣೆದುರಿಗೇ ಇದ್ದವು.

"ಇಲ್ಲ ಮೇಡಂ."

ಯಾರೋ ಕಿಸಕ್ಕೆಂದರು. ಮೇಡಂ ಮುಖ ಕೆಂಪೇರಿತು. ಅವಳು ತನ್ನ ಕಿವಿ ಮುಟ್ಟಿ ತೋರಿಸಿದಳು. "ನಿಜವಾಗ್ಲೂ ಕೇಳ್ಸಲ್ಲ ಮೇಡಂ."

ಕಿಟಕಿಗಳನ್ನೆಲ್ಲ ತೆರೆದು ಎಲ್ಲರನ್ನೂ ಹೊರಗೆ ಕಳಿಸಿದ ಮೇಲೆ ಮೇಡಂ ವರಾಂಡದಲ್ಲಿ ಅವಳೆದುರು ನಿಂತರು.

"ಮೊದಲೇ ಹೇಳೋಕೇನಾಗಿತ್ತಮ್ಮಾ?"

"ಹೇಳಿದ್ರೆ ಲ್ಯಾಬಿಂದ ಹೊರಗೆ ಹಾಕ್ತೀರ ಅಂತ..."

"ಹೇಳದೆ ಎಲ್ಲರನ್ನೂ ಸುಡ್ತಿದ್ದೆ." ಮೇಡಂ ದನಿ ಗಡುಸಾಗಿತ್ತು.

ಮರುದಿನ ಅವಳನ್ನು ಮುಂದಿನ ಬೆಂಚಿಗೆ ಕೂರಿಸಿ, ಮೇಡಂ ಮುಖ ಕೊಟ್ಟು ಪಾಠ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಹುಟ್ಟುಗುಣ ಬಿಡದೆ ಬೋರ್ಡಿನತ್ತ ತಿರುಗಿಬಿಟ್ಟರು. ಅವಳು ಕೈ ಎತ್ತಿದಳು.

"ಮೇಡಂ, ಈ ಕಡೆ ತಿರುಗಿ ಇನ್ನೊಂದ್ಸಲ ಹೇಳಿ."

ಹಿಂದಿನ ಬೆಂಚಿನಿಂದ ಒಬ್ಬ ಮೆಲ್ಲಗೆ, "ನಮಗೂ ಕೇಳಿಸ್ಲಿಲ್ಲ ಮೇಡಂ," ಎಂದ. ಇನ್ನೊಬ್ಬಳು, "ಹೋದ ವಾರದ್ದೂ," ಎಂದಳು.

"ಕಿವಿ ನೆಟ್ಟಗಿರೋ ನಿಮಗೇನಾಗಿತ್ತು, ಬಾಯಿಗೆ ಬೀಗ?" ಎಂದು ರೇಗಿ, ಮೇಡಂ ಬರೆದಿದ್ದನ್ನೆಲ್ಲ ಒರೆಸಿ ಹೋದ ವಾರದ ಪಾಠಕ್ಕೇ ಮರಳಿದರು.